ಕೋಡ್ ಬರೆದು ಹಾಡು ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬಯಿ ಹತ್ತಿರದ ಡೊಂಬಿವಲಿಯವನು. ಹಗಲು ಸಾಫ್ಟ್‌ವೇರ್ ಕೆಲಸ. ಮಾಟುಂಗಾದಲ್ಲಿ ನನ್ನ ಸೋದರಮಾವನದೊಂದು ಸಣ್ಣ ಉಡುಪಿ ಹೋಟೆಲ್ ಇದೆ. ಗಲ್ಲಾದ ಕೆಳಗೆ ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಹಾಡು. ಅದನ್ನು ಹಾಕುವುದು, ನಿಲ್ಲಿಸುವುದು, ಸದ್ದು ಏರಿಸುವುದು, ಇಳಿಸುವುದು ಎಲ್ಲ ನಾನು ಬರೆದ ಸುಮಾರು 200 ಸಾಲಿನ ಪೈಥಾನ್ ಕೋಡ್. ಇದನ್ನು ನೋಡಿದ ಮೇಲೆ ನಮ್ಮ ಕನ್ನಡ ಸಂಘದ ಹುಡುಗರು, ಪುಣೆಯಲ್ಲಿರುವ ಭಾವ, ಅವನ ಆಫೀಸಿನವರು, ಹೀಗೆ ಒಬ್ಬರಾದ ಮೇಲೆ ಒಬ್ಬರು ಅದದೇ ಪ್ರಶ್ನೆ ಕೇಳುತ್ತಾರೆ. ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ವಾಟ್ಸಾಪ್‌ನಲ್ಲಿ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲ ಒಂದೇ ಕಡೆ ಹಾಕಿದ್ದೇನೆ.

ಒಂದು ಮಾತು: ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.

ಪ್ರಶ್ನೆ: ಪ್ಲೇ ಬಟನ್ ಒತ್ತಿದರೆ ಹಾಡು ಬರುತ್ತದೆ. ಇಷ್ಟಕ್ಕೆಲ್ಲ ಕೋಡ್ ಯಾಕೆ?

ಮನೆಯಲ್ಲಿ ಒಬ್ಬರೇ ಕೇಳುವುದಾದರೆ ಖಂಡಿತ ಬೇಡ. ಹೋಟೆಲ್ ಬೇರೆ. ಬೆಳಿಗ್ಗೆ 6ಕ್ಕೆ ಶಟರ್ ಎತ್ತುವಾಗ ಸುಪ್ರಭಾತ ಬರಬೇಕು. 8ರ ರಶ್ಶಿನಲ್ಲಿ ಸದ್ದು ಸ್ವಲ್ಪ ಏರಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಬರೀ ವೀಣೆ, ಕೊಳಲು. ಫೋನ್ ಬಂದರೆ ಹಾಡು ನಿಲ್ಲಬೇಕು, ಇಟ್ಟ ಮೇಲೆ ನಿಂತಲ್ಲಿಂದಲೇ ಮುಂದುವರಿಯಬೇಕು. ಗಲ್ಲಾದಲ್ಲಿ ಕೂತವರ ಒಂದು ಕೈಯಲ್ಲಿ ಚಿಲ್ಲರೆ, ಇನ್ನೊಂದರಲ್ಲಿ ಬಿಲ್ಲು. ಮೌಸ್ ಹಿಡಿಯಲು ಮೂರನೇ ಕೈ ಇಲ್ಲ.

ಮೊದಲು ಇದೆಲ್ಲ ಮಾವನೇ ಮಾಡುತ್ತಿದ್ದರು. ಕುಂದಾಪುರದ ಕಡೆಯವರು, ಹಾಡಿಗೆ 'ಪದ್ಯ' ಅನ್ನುತ್ತಾರೆ. 'ಹೋಯ್, ಪದ್ಯ ನಿಂತೋಯ್ತ್ ಮಾರಾಯ' ಅಂತ ದಿನಕ್ಕೆ ಎರಡು ಸಲ ನನಗೆ ಫೋನ್ ಬರುತ್ತಿತ್ತು. ಆ ಫೋನ್ ತಪ್ಪಿಸಿಕೊಳ್ಳಲು ಕೋಡ್ ಬರೆದೆ, ಅಷ್ಟೇ.

ಪ್ರಶ್ನೆ: ಯಾವ ಲೈಬ್ರರಿ ಹಿಡಿಯಲಿ?

ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಮ್ಮ ಕೋಡ್‌ಗೆ ಸೇರಿಸಿಕೊಳ್ಳುವ ಕೋಡ್. ಅದಕ್ಕಿಂತ ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಹಾಡುವವನು ಬೇರೆ, ಹೇಳುವವನು ಬೇರೆ. ಹೋಟೆಲ್‌ನಲ್ಲಿ ಸಪ್ಲಾಯರ್ 'ಎರಡು ಸಾದಾ, ಒಂದು ಮಸಾಲೆ' ಅಂತ ಒಳಗೆ ಕೂಗುತ್ತಾನೆ. ದೋಸೆ ಹುಯ್ಯುವುದು ಒಳಗಿನವನು. ಸಪ್ಲಾಯರ್ ಮನೆಗೆ ಹೋದರೂ ಕಾವಲಿ ಮೇಲಿನ ದೋಸೆ ಬೇಯುತ್ತಲೇ ಇರುತ್ತದೆ. ನಿಮ್ಮ ಕೋಡ್ ಸಪ್ಲಾಯರ್. ಪ್ಲೇಯರ್ ಅಡುಗೆಮನೆ. ಈ ಪುಟದಲ್ಲಿರುವ ಅರ್ಧಕ್ಕರ್ಧ ಪ್ರಶ್ನೆಗಳು ಇದನ್ನು ಮರೆತದ್ದರಿಂದಲೇ ಹುಟ್ಟಿದವು.

ಈಗ ದಾರಿಗಳು. ಹಾಡುವುದಕ್ಕೆಂದೇ ಹಿನ್ನೆಲೆಯಲ್ಲಿ ಓಡುವ ಸರ್ವರ್ ಬೇಕಾದರೆ ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್. ಅದಕ್ಕೆ ಪೈಥಾನ್‌ನಲ್ಲಿ ಪೈಥಾನ್-ಎಂಪಿಡಿ2 ಲೈಬ್ರರಿ. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಈಗಾಗಲೇ ತೆರೆದಿರುವ ರಿದಂಬಾಕ್ಸ್, ಸ್ಟ್ರಾಬೆರಿ, ವಿಎಲ್‌ಸಿ, ಸ್ಪಾಟಿಫೈಯಂಥ ಪ್ಲೇಯರ್‌ಗೆ ಹೇಳಬೇಕಾದರೆ ಎಂಪ್ರಿಸ್. ಅದು ಪ್ಲೇಯರ್‌ಗಳಿಗೆ ಹೊರಗಿಂದ ಹೇಳುವ ಒಂದು ಸಾಮಾನ್ಯ ಭಾಷೆ, ಪ್ರೋಗ್ರಾಮ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ಡಿ-ಬಸ್ ಮೇಲೆ ನಡೆಯುತ್ತದೆ. ನಿಮ್ಮದೇ ಪ್ರೋಗ್ರಾಮ್ ಒಳಗೆ ಹಾಡು ಬರಬೇಕಾದರೆ ವಿಎಲ್‌ಸಿಯದೇ ಲೈಬ್ರರಿ, ಲಿಬ್‌ವಿಎಲ್‌ಸಿ. ಹೋಟೆಲ್‌ನಲ್ಲಿ ನಾನು ಇಟ್ಟಿರುವುದು ಎಂಪಿಡಿ. ಕಿಟಕಿ ಇಲ್ಲ, ಯಾರೂ ಕೈತಪ್ಪಿ ಕ್ಲೋಸ್ ಮಾಡಲು ಆಗುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇಕಾ?

ಪ್ರಶ್ನೆ: ಲಿಬ್‌ವಿಎಲ್‌ಸಿ ಹಾಕಿಕೊಂಡೆ. ಪ್ಲೇ ಅಂದರೆ ಹಾಡು ಬರುತ್ತದೆ, ಆದರೆ ಆಗಲೇ ತೆರೆದಿರುವ ವಿಎಲ್‌ಸಿ ಕಿಟಕಿ ಅಲ್ಲಾಡುವುದೇ ಇಲ್ಲ. ಎರಡು ಹಾಡು ಒಟ್ಟಿಗೆ ಕೇಳುತ್ತದೆ!

ಸರಿಯಾಗೇ ಇದೆ. ಲಿಬ್‌ವಿಎಲ್‌ಸಿ ರಿಮೋಟ್ ಅಲ್ಲ, ಇಂಜಿನ್. ಅದು ನಿಮ್ಮ ಪ್ರೋಗ್ರಾಮ್ ಒಳಗೇ ಹೊಸದಾಗಿ ಒಂದು ಅಡುಗೆಮನೆ ತೆರೆಯುತ್ತದೆ. ಪಕ್ಕದ ವಿಎಲ್‌ಸಿ ಕಿಟಕಿಗೂ ಅದಕ್ಕೂ ಸಂಬಂಧವೇ ಇಲ್ಲ. ತೆರೆದಿರುವ ಕಿಟಕಿಗೇ ಹೇಳಬೇಕಾದರೆ ಎಂಪ್ರಿಸ್ ಬಳಸಿ, ಇಲ್ಲವೇ ವಿಎಲ್‌ಸಿಯ ಎಚ್‌ಟಿಟಿಪಿ ಇಂಟರ್‌ಫೇಸ್ ಚಾಲೂ ಮಾಡಿ. ಅದು ಸಾಮಾನ್ಯವಾಗಿ 8080 ಪೋರ್ಟ್‌ನಲ್ಲಿ (ಮೆಷೀನಿನ ನಂಬರ್ ಹಾಕಿದ ಬಾಗಿಲಿನಲ್ಲಿ) ಇರುತ್ತದೆ. ಪಾಸ್‌ವರ್ಡ್ ಇಡಲೇಬೇಕು. ಯೂಸರ್‌ನೇಮ್ ಮಾತ್ರ ಖಾಲಿ ಬಿಡಬೇಕು. ಇಲ್ಲೇ ಎಲ್ಲರೂ ಎಡವುವುದು.

ಲಿಬ್‌ವಿಎಲ್‌ಸಿಯಲ್ಲಿ ಬೀಳಬಹುದಾದ ಇನ್ನೆರಡು ಹಳ್ಳಗಳಿವೆ. ಪ್ಲೇ ಎಂದ ಕೂಡಲೇ ಅದು ಹಿಂತಿರುಗಿ ಬರುತ್ತದೆ, ಹಾಡು ಇನ್ನೂ ಶುರುವಾಗಿರುವುದಿಲ್ಲ. ಮುಂದಿನ ಸಾಲಿನಲ್ಲೇ ಹಾಡಿನ ಉದ್ದ ಕೇಳಿದರೆ ಸೊನ್ನೆಯೋ ಮೈನಸ್ ಒಂದೋ ಸಿಗುತ್ತದೆ. ಎರಡನೆಯದು ಜಾಸ್ತಿ ಕೆಟ್ಟದ್ದು. 'ಹಾಡು ಮುಗಿಯಿತು' ಅನ್ನುವ ಈವೆಂಟ್ ಬಂದಾಗ ತಾನಾಗಿ ಓಡುವ ಫಂಕ್ಷನ್‌ನ, ಅಂದರೆ ಕಾಲ್‌ಬ್ಯಾಕ್‌ನ, ಒಳಗಿಂದಲೇ ಮುಂದಿನ ಹಾಡಿಗೆ ಪ್ಲೇ ಅಂದರೆ ಇಡೀ ಪ್ರೋಗ್ರಾಮ್ ಕಲ್ಲಾಗಿ ನಿಲ್ಲಬಹುದು. ಕಾಲ್‌ಬ್ಯಾಕ್‌ನಲ್ಲಿ ಒಂದು ಕ್ಯೂಗೆ ಚೀಟಿ ಹಾಕಿ ಹೊರಗೆ ಬನ್ನಿ. ಪ್ಲೇ ಮಾಡುವುದು ಬೇರೆ ಥ್ರೆಡ್‌ನ (ಅದೇ ಪ್ರೋಗ್ರಾಮ್‌ನಲ್ಲಿ ಜೊತೆಜೊತೆಗೇ ಓಡುವ ಇನ್ನೊಂದು ಎಳೆಯ) ಕೆಲಸ.

ಪ್ರಶ್ನೆ: ಎಂಪಿಡಿ ಜೊತೆ ಲೈಬ್ರರಿ ಏನು ಮಾತಾಡುತ್ತದೆ? ಒಳಗೆ ಏನು ನಡೆಯುತ್ತದೆ ಅಂತ ನೋಡಬಹುದಾ?

ನೋಡಬಹುದು, ನೋಡಲೇಬೇಕು. ಲೈಬ್ರರಿ ಮುಟ್ಟುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಪೋರ್ಟ್‌ಗೆ ನೇರವಾಗಿ ಸಾಲು ಟೈಪ್ ಮಾಡಿ ಕಳಿಸುವ ಟೆಲ್ನೆಟ್ ಅಥವಾ ನೆಟ್‌ಕ್ಯಾಟ್ ತೆಗೆದುಕೊಂಡು ಅದೇ ಮೆಷೀನಿನ 6600 ಪೋರ್ಟ್‌ಗೆ ಕನೆಕ್ಟ್ ಮಾಡಿ. ಕೂಡಲೇ ಒಂದು ಸಾಲು ಬರುತ್ತದೆ: 'ಓಕೆ ಎಂಪಿಡಿ', ಅದರ ಮುಂದೆ ಪ್ರೋಟೋಕಾಲ್ ವರ್ಷನ್ ನಂಬರ್. ನಮಸ್ಕಾರ ಹೇಳಿದ ಹಾಗೆ. ಈಗ 'ಸ್ಟೇಟಸ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಸಾಲು ಸಾಲಾಗಿ ಉತ್ತರ: ವಾಲ್ಯೂಮ್ 70, ರಿಪೀಟ್ 0, ಸ್ಟೇಟ್ ಪ್ಲೇ, ಸಾಂಗ್ 4, ಎಲಾಪ್ಸ್ಡ್ 83.412, ಹೀಗೆ. ಕೊನೆಗೆ ಒಂಟಿಯಾಗಿ 'ಓಕೆ'. 'ಪಾಸ್ 1' ಅಂದರೆ ಹಾಡು ನಿಲ್ಲುತ್ತದೆ, ಬರೀ 'ಓಕೆ' ಬರುತ್ತದೆ.

ಸುಮ್ನೆ ಏನೋ ಗೀಚಿ ನೋಡಿ. 'ಎಸಿಕೆ' ಎಂದು ಶುರುವಾಗುವ ಸಾಲು ಬರುತ್ತದೆ, ಚೌಕ ಕಂಸದಲ್ಲಿ '5@0'. ಮೊದಲಿನದು ತಪ್ಪಿನ ಸಂಖ್ಯೆ. 5 ಅಂದರೆ ಗೊತ್ತಿಲ್ಲದ ಕಮಾಂಡ್, 4 ಅಂದರೆ ಅನುಮತಿ ಇಲ್ಲ, 50 ಅಂದರೆ ಕೇಳಿದ ಹಾಡೇ ಇಲ್ಲ. ಆಮೇಲಿನದು ಕಮಾಂಡ್‌ಗಳ ಪಟ್ಟಿಯಲ್ಲಿ ಎಷ್ಟನೆಯದು ಕೆಟ್ಟಿತು ಅಂತ, ಸೊನ್ನೆಯಿಂದ ಎಣಿಕೆ. ಇಷ್ಟೇ ಪ್ರೋಟೋಕಾಲ್. ಲೈಬ್ರರಿ ಮಾಡುವುದು ಇದೇ ಸಾಲುಗಳನ್ನು ಕಳಿಸಿ, ಬಂದದ್ದನ್ನು ಪೈಥಾನ್ ಡಿಕ್ಷನರಿ (ಹೆಸರು ಕೊಟ್ಟರೆ ಉತ್ತರ ಕೊಡುವ ಪಟ್ಟಿ) ಮಾಡಿ ಕೊಡುವ ಕೆಲಸ. ಮುಂದೆ ಕೋಡ್ ಕೆಟ್ಟಾಗ ತಪ್ಪು ನಿಮ್ಮದಾ, ಲೈಬ್ರರಿಯದಾ, ಸರ್ವರ್‌ದಾ ಅಂತ ಈ ಟೆಲ್ನೆಟ್ ಕಿಟಕಿಯೇ ಹೇಳುತ್ತದೆ.

ಪ್ರಶ್ನೆ: ಫೈಲ್ ಕಣ್ಣೆದುರೇ ಇದೆ. ಆಡ್ ಮಾಡಿದರೆ ಇಲ್ಲ ಅನ್ನುತ್ತದೆ!

ನೀವು ಪೂರ್ತಿ ದಾರಿ ಕೊಟ್ಟಿದ್ದೀರಿ, ಅಲ್ವಾ? ಎಂಪಿಡಿಗೆ ಅದರ ಮ್ಯೂಸಿಕ್ ಡೈರೆಕ್ಟರಿಯಿಂದ ಮುಂದಿನ ದಾರಿ ಮಾತ್ರ ಸಾಕು. ಹೊಸ ಹಾಡು ಹಾಕಿದ್ದರೆ ಮೊದಲು 'ಅಪ್‌ಡೇಟ್' ಕೊಡಬೇಕು. ಅದು ಕೂಡಲೇ ಒಂದು ಕೆಲಸದ ನಂಬರ್ ಕೊಟ್ಟು ಓಕೆ ಅನ್ನುತ್ತದೆ, ಹುಡುಕಾಟ ಮಾತ್ರ ಹಿಂದೆ ನಡೆಯುತ್ತಿರುತ್ತದೆ. ಮುಂದಿನ ಸಾಲಲ್ಲೇ ಆಡ್ ಅಂದರೆ ಇಲ್ಲ ಅಂತಲೇ ಹೇಳುತ್ತದೆ. ಇನ್ನೊಂದು ಸಾಮಾನ್ಯ ಕಾರಣ: ಡೆಬಿಯನ್, ಉಬುಂಟುವಿನಲ್ಲಿ ಎಂಪಿಡಿ ಸಿಸ್ಟಮ್ ಸರ್ವಿಸ್ ಆಗಿ ತನ್ನದೇ ಯೂಸರ್ ಹೆಸರಿನಲ್ಲಿ ಓಡುತ್ತದೆ. ನಿಮ್ಮ ಹೋಮ್ ಫೋಲ್ಡರ್ ಒಳಗೆ ಅದಕ್ಕೆ ಪ್ರವೇಶ ಇಲ್ಲದೇ ಇರಬಹುದು. 'ಎಲ್ಲ ಸರಿ ಇದೆ, ಸದ್ದೇ ಇಲ್ಲ' ಅನ್ನುವುದಕ್ಕೂ ಎಷ್ಟೋ ಸಲ ಇದೇ ಕಾರಣ. ನಿಮ್ಮ ಹೆಸರಿನಲ್ಲೇ ಯೂಸರ್ ಸರ್ವಿಸ್ ಆಗಿ ಓಡಿಸಿದರೆ ಎರಡೂ ಬಗೆಹರಿಯುತ್ತದೆ.

ಪ್ರಶ್ನೆ: ವಾಲ್ಯೂಮ್ 80 ದಾಟಿದರೆ ಇಳಿಸು ಅಂತ ಬರೆದೆ. ಇಳಿಸುವುದೇ ಇಲ್ಲ. ಯಾಕೆ?

ಇದು ನನ್ನದೇ ಕಥೆ. ಸ್ಟೇಟಸ್‌ನಲ್ಲಿ ಬರುವ ಪ್ರತಿಯೊಂದೂ ಸ್ಟ್ರಿಂಗ್. 70 ಅಂದರೆ ಎಪ್ಪತ್ತಲ್ಲ, ಏಳು ಮತ್ತು ಸೊನ್ನೆ ಎಂಬ ಎರಡು ಅಕ್ಷರ. ಅದನ್ನು ಅಂಕಿಯ ಜೊತೆ ಹೋಲಿಸಿದಾಗ ಪೈಥಾನ್ ಟೈಪ್ ಎರರ್ ಕೊಟ್ಟಿತು. ಅವಸರದಲ್ಲಿದ್ದೆ, ನಾನೂ 80ಕ್ಕೆ ಕೋಟ್ ಹಾಕಿಬಿಟ್ಟೆ. ಎರರ್ ಹೋಯಿತು, ಖುಷಿಯಾಯಿತು. ಅಕ್ಷರದ ಲೆಕ್ಕದಲ್ಲಿ 100 ಶುರುವಾಗುವುದು 1ರಿಂದ, 80 ಶುರುವಾಗುವುದು 8ರಿಂದ. ಹಾಗಾಗಿ 100 ಚಿಕ್ಕದು! ಆ ದಿನ ಊಟದ ಹೊತ್ತಿನಲ್ಲಿ ನಾದಸ್ವರ ಪೂರ್ತಿ ನೂರರಲ್ಲಿ ಬಾರಿಸುತ್ತಿತ್ತು. ಮದುವೆ ಮನೆ ಅಂದುಕೊಂಡು ಒಬ್ಬರು 'ಪಾಯಸ ಇದೆಯಾ' ಅಂತ ಕೇಳಿದರಂತೆ.

ಇಂಟಿಗೆ (ಪೂರ್ಣಾಂಕಕ್ಕೆ) ಬದಲಿಸಿ, ಆಮೇಲೆ ಹೋಲಿಸಿ. ಮಿಕ್ಸರ್ ಇಲ್ಲದ ಔಟ್‌ಪುಟ್ ಆದರೆ ವಾಲ್ಯೂಮ್ ಮೈನಸ್ ಒಂದು ಬರಬಹುದು, ಅಥವಾ ಆ ಸಾಲೇ ಬರದಿರಬಹುದು. ನೇರವಾಗಿ ಕೀ ಹೆಸರು ಕೊಟ್ಟು ತೆಗೆಯದೆ 'ಗೆಟ್' ಬಳಸಿ. ಹೀಗೇ ಇನ್ನೊಂದು: ಹಾಡಿಗೆ ಒಬ್ಬ ಗಾಯಕ ಇದ್ದರೆ 'ಆರ್ಟಿಸ್ಟ್' ಒಂದು ಸ್ಟ್ರಿಂಗ್, ಇಬ್ಬರನ್ನು ಬೇರೆ ಬೇರೆ ಟ್ಯಾಗ್‌ನಲ್ಲಿ (ಫೈಲಿನೊಳಗೆ ಬರೆದಿಟ್ಟ ಹಾಡಿನ ವಿವರದಲ್ಲಿ) ಹಾಕಿದ್ದರೆ ಲಿಸ್ಟ್. ಯುಗಳ ಗೀತೆ ಬಂದಾಗ ಮಾತ್ರ ಕೋಡ್ ಬೀಳುತ್ತಿದ್ದರೆ ಇಲ್ಲಿ ನೋಡಿ.

ಅಳತೆಗಳ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂಪಿಡಿಯಲ್ಲಿ ವಾಲ್ಯೂಮ್ 0ರಿಂದ 100. ಎಂಪ್ರಿಸ್‌ನಲ್ಲಿ ಪೂರ್ತಿ ಸದ್ದು ಅಂದರೆ 1.0. ವಿಎಲ್‌ಸಿಯ ಎಚ್‌ಟಿಟಿಪಿಯಲ್ಲಿ 256 ಅಂದರೆ ನೂರಕ್ಕೆ ನೂರು. ಸಮಯವೂ ಅಷ್ಟೇ: ಎಂಪಿಡಿ ಸೆಕೆಂಡ್, ಲಿಬ್‌ವಿಎಲ್‌ಸಿ ಮಿಲಿಸೆಕೆಂಡ್, ಎಂಪ್ರಿಸ್ ಮೈಕ್ರೋಸೆಕೆಂಡ್. ಎಂಪ್ರಿಸ್‌ಗೆ '30 ಮುಂದೆ ಹೋಗು' ಅಂದು, ಹಾಡು ಕದಲಲಿಲ್ಲ ಅಂತ ಬೈದವರನ್ನು ನೋಡಿದ್ದೇನೆ. ಅದು ಹೋಗಿತ್ತು, ಸೆಕೆಂಡಿನ ಹತ್ತು ಲಕ್ಷದಲ್ಲಿ 30 ಭಾಗ.

ಪ್ರಶ್ನೆ: ಒಂದು ನಿಮಿಷ ಸುಮ್ಮನಿದ್ದರೆ ಕನೆಕ್ಷನ್ ಕಡಿದುಹೋಗುತ್ತದೆ.

ಎಂಪಿಡಿಯ ಕನೆಕ್ಷನ್ ಟೈಮ್‌ಔಟ್ ಮೊದಲಿಂದಲೇ 60 ಸೆಕೆಂಡ್ ಇರುತ್ತದೆ. ಆರ್ಡರ್ ಕೊಡದೆ ಟೇಬಲ್ ಹಿಡಿದು ಕೂತವರನ್ನು ಎಬ್ಬಿಸಿದ ಹಾಗೆ. 'ಪಿಂಗ್' ಕಳಿಸುತ್ತಾ ಇರಬಹುದು, ಆದರೆ ನನಗೆ ಇಷ್ಟವಾದದ್ದು ಸರಳ ದಾರಿ: ಹೇಳುವುದಿದ್ದಾಗ ಕನೆಕ್ಟ್ ಆಗು, ಹೇಳು, ಹೊರಡು. ಒಂದೇ ಮೆಷೀನಿನಲ್ಲಿ ಕನೆಕ್ಟ್ ಆಗಲು ಹೊತ್ತೇ ಬೇಡ. ಎರರ್ ಹಿಡಿಯುವಾಗ ಎಚ್ಚರ: ಲೈಬ್ರರಿಯಲ್ಲಿ 'ಕನೆಕ್ಷನ್ ಎರರ್' ಅಂತ ಒಂದಿದೆ, ಪೈಥಾನ್‌ನಲ್ಲೇ ಅದೇ ಹೆಸರಿನ ಇನ್ನೊಂದಿದೆ. ಎರಡೂ ಬೇರೆ. ಎರಡನ್ನೂ ಹಿಡಿಯಿರಿ.

ಪ್ರಶ್ನೆ: ಹಾಡು ಬದಲಾಯಿತಾ ಅಂತ ಪ್ರತಿ ಸೆಕೆಂಡ್ ಕೇಳುತ್ತಿರಬೇಕಾ?

ಬೇಡ. 'ದೋಸೆ ಆಯ್ತಾ, ದೋಸೆ ಆಯ್ತಾ' ಅಂತ ಸೆಕೆಂಡಿಗೊಮ್ಮೆ ಕೇಳಿದರೆ ಒಳಗಿನವನು ಸಟ್ಟುಗ ಎಸೆಯುತ್ತಾನೆ. ಎಂಪಿಡಿಯಲ್ಲಿ 'ಐಡಲ್' ಅನ್ನುವ ಕಮಾಂಡ್ ಇದೆ. ಐಡಲ್ ಎಂದು ಹೇಳಿ ಸುಮ್ಮನೆ ಕಾಯುತ್ತಾ ಕೂತರೆ, ಏನಾದರೂ ಬದಲಾದಾಗ ಅದೇ ಕರೆಯುತ್ತದೆ. ಹಾಡು ಬದಲಾದರೆ, ನಿಂತರೆ 'ಪ್ಲೇಯರ್', ಸದ್ದು ಬದಲಾದರೆ 'ಮಿಕ್ಸರ್', ಕ್ಯೂ ಬದಲಾದರೆ 'ಪ್ಲೇಲಿಸ್ಟ್', ಮೇಲೆ ಹೇಳಿದ ಅಪ್‌ಡೇಟ್‌ನಿಂದ ಹಾಡಿನ ಪಟ್ಟಿ ಬದಲಾದರೆ 'ಡೇಟಾಬೇಸ್'. ಹೀಗೆ ಕಾಯುವಾಗ ಆ 60 ಸೆಕೆಂಡ್‌ನ ಕಾಟವೂ ಇಲ್ಲ.

ಎರಡು ವಿಷಯ ನೆನಪಿರಲಿ. ಐಡಲ್ ಏನು ಬದಲಾಯಿತು ಅಂತಷ್ಟೇ ಹೇಳುತ್ತದೆ, ಹೇಗೆ ಬದಲಾಯಿತು ಅಂತ ಹೇಳುವುದಿಲ್ಲ. ಮತ್ತೆ ಸ್ಟೇಟಸ್ ಕೇಳಬೇಕು. ಐಡಲ್‌ನಲ್ಲಿರುವಾಗ ಅದೇ ಕನೆಕ್ಷನ್‌ನಲ್ಲಿ 'ನೋಐಡಲ್' ಬಿಟ್ಟು ಬೇರೆ ಏನೂ ಕಳಿಸುವ ಹಾಗಿಲ್ಲ. ಕಳಿಸಿದರೆ ಸರ್ವರ್ ಕನೆಕ್ಷನ್ ಮುಚ್ಚುತ್ತದೆ. ಆದ್ದರಿಂದ ಕೇಳುವುದಕ್ಕೊಂದು, ಹೇಳುವುದಕ್ಕೊಂದು, ಎರಡು ಕನೆಕ್ಷನ್ ಇಟ್ಟುಕೊಳ್ಳಿ. ನಾನು ಮೊದಲು ಒಂದರಲ್ಲೇ ಎರಡೂ ಮಾಡಲು ಹೋಗಿ ಎರಡು ಭಾನುವಾರ ಹಾಳು ಮಾಡಿಕೊಂಡೆ.

ಪ್ರಶ್ನೆ: ಪಾಸ್ ಅಂದರೆ ಕೆಲವು ಸಲ ಹಾಡು ಶುರುವಾಗುತ್ತದೆ!

ಮುಂದೆ ಅಂಕಿ ಇಲ್ಲದ ಪಾಸ್ ತಿರುಗಾಮುರುಗಾ: ಓಡುತ್ತಿದ್ದರೆ ನಿಲ್ಲಿಸುತ್ತದೆ, ನಿಂತಿದ್ದರೆ ಓಡಿಸುತ್ತದೆ. ಮಾವ ಒಂದು ಕಡೆಯಿಂದ ಒತ್ತಿ, ನಿಮ್ಮ ಕೋಡ್ ಇನ್ನೊಂದು ಕಡೆಯಿಂದ ಒತ್ತಿದರೆ ಹಾಡು ಓಡುತ್ತಲೇ ಇರುತ್ತದೆ. ನಿಲ್ಲಿಸಲು ಯಾವಾಗಲೂ 'ಪಾಸ್ 1', ಮುಂದುವರಿಸಲು 'ಪಾಸ್ 0'. ಎಂಪ್ರಿಸ್‌ನಲ್ಲೂ 'ಪ್ಲೇಪಾಸ್' ಬಿಡಿ, 'ಪಾಸ್', 'ಪ್ಲೇ' ಬೇರೆ ಬೇರೆ ಕರೆಯಿರಿ.

ಹಾಡಿನ ನಂಬರ್‌ಗೂ ಇದೇ ಬುದ್ಧಿ. ಕ್ಯೂದಲ್ಲಿ ಪ್ರತಿ ಹಾಡಿಗೆ ಜಾಗದ ನಂಬರ್ ಒಂದು, ಐಡಿ ಒಂದು. ಮೇಲಿನ ಹಾಡು ತೆಗೆದರೆ ಕೆಳಗಿನವರ ಜಾಗ ಸರಿಯುತ್ತದೆ, ಐಡಿ ಬದಲಾಗುವುದಿಲ್ಲ. ಇಂಥದ್ದೇ ಹಾಡು ಬೇಕು ಅಂದರೆ 'ಪ್ಲೇಐಡಿ'.

ಪ್ರಶ್ನೆ: ಕನ್ನಡ ಹಾಡಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಕೆಲವು ಕಸದ ಹಾಗೆ ಕಾಣುತ್ತವೆ.

ಇದಕ್ಕೆ ಇಂಗ್ಲಿಷ್‌ನಲ್ಲಿ ಹುಡುಕಿದರೆ ನೇರ ಉತ್ತರ ಸಿಗುವುದಿಲ್ಲ, ಆದ್ದರಿಂದ ಉದ್ದವಾಗಿ ಹೇಳುತ್ತೇನೆ.

ಕಸದ ಹಾಗೆ ಕಾಣುವುದಕ್ಕೆ ಮುಖ್ಯ ಕಾರಣ ಹಳೇ ಟ್ಯಾಗ್‌ಗಳು. ಯೂನಿಕೋಡ್‌ಗೆ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರುಗಳು ಒಳಗೆ ನಿಜವಾಗಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಆ ಫಾಂಟ್ ಹಾಕಿದರೆ ಮಾತ್ರ ಕನ್ನಡ. ಅವನ್ನು ಯೂನಿಕೋಡ್‌ಗೆ ಬದಲಿಸಿ ಮತ್ತೆ ಬರೆಯುವುದೊಂದೇ ದಾರಿ. ಎಂಪಿಡಿ ಮಾತಾಡುವುದು ಯೂನಿಕೋಡನ್ನು ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8 ಮಾತ್ರ. ಹೆಸರು ಅರ್ಧಕ್ಕೆ ತುಂಡಾಗಿದ್ದರೆ ಅದು ಎಂಪಿ3ಗಳ ಟ್ಯಾಗ್ ಪದ್ಧತಿಯಾದ ಐಡಿ3ಯ ಮೊದಲ ಆವೃತ್ತಿಯದು ಇರಬಹುದು. ಅದರಲ್ಲಿ ಹಾಡಿನ ಹೆಸರಿಗೆ ಇರುವುದು 30 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಹತ್ತೇ ಚಿಹ್ನೆ. 'ಕೋಗಿಲೆ' ಅನ್ನುವುದಕ್ಕೇ 18 ಬೈಟ್ ಖರ್ಚು.

ಈಗ ಹುಡುಕಾಟ. ಇದೇ ಕೋಗಿಲೆಯನ್ನು ತೆಗೆದುಕೊಳ್ಳಿ. ಹೋಟೆಲ್‌ನ ಪಟ್ಟಿಯಲ್ಲಿ ಈ ಪದ ಇರುವ ಹಾಡು ಕಣ್ಣಿಗೆ ಕಾಣುತ್ತಿತ್ತು, ಟೈಪ್ ಮಾಡಿ ಹುಡುಕಿದರೆ ಸೊನ್ನೆ. ಎರಡರ ಉದ್ದವನ್ನೂ ಪೈಥಾನ್‌ನಲ್ಲಿ ನೋಡಿದೆ. ನಾನು ಟೈಪ್ ಮಾಡಿದ್ದು 6, ಫೈಲಿನಲ್ಲಿದ್ದದ್ದು 8! 'ಕೋ' ಅನ್ನುವುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಓ ಸ್ವರದ ಚಿಹ್ನೆಯನ್ನು ಒಂದೇ ಆಗಿ ಇಡಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ಆಮೇಲೆ ಬರೀ ದೀರ್ಘ ಅಂತ ಮೂರು ತುಂಡು ಮಾಡಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳನ್ನು ಹೋಲಿಸುವ ಕೋಡ್‌ಗೆ ಎರಡೂ ಬೇರೆ. ಹಳೇ ಮ್ಯಾಕ್‌ಗಳಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ತುಂಡು ಮಾಡಿಯೇ ಇಡುತ್ತಿತ್ತು. ಈ ಹಾಡುಗಳು ಬಂದದ್ದು ಅಂಥದೊಂದು ಮ್ಯಾಕ್‌ನಿಂದಲೇ.

ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಜ್ ಇದೆ. ಎರಡೂ ಕಡೆಯದನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸಿದ ರೂಪಕ್ಕೆ) ತಂದು ಹೋಲಿಸಿದರೆ ಮುಗಿಯಿತು. ಮುಗಿಯಿತು ಅಂದುಕೊಂಡಿದ್ದೆ. 'ರಾಜ್‌ಕುಮಾರ್' ಮತ್ತೆ ಕೈಕೊಟ್ಟಿತು. ಜ್ ಮತ್ತು ಕು ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ, ಜೀರೋ ವಿಡ್ತ್ ನಾನ್ ಜಾಯ್ನರ್. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹುಡುಕುವಾಗ ಎರಡೂ ಕಡೆಯಿಂದ ಅದನ್ನು ಕಿತ್ತುಹಾಕಿ. ಫೈಲಿನಲ್ಲಿ ಮಾತ್ರ ಕೀಳಬೇಡಿ, ಓದುವಾಗ ಹೆಸರು ಕೆಡುತ್ತದೆ. ನಾನು ಎಂಪಿಡಿಯ ಹುಡುಕಾಟ ಬಿಟ್ಟು, ಪೂರ್ತಿ ಪಟ್ಟಿ ತರಿಸಿ, ಹೀಗೆ ತೊಳೆದ ಹೆಸರುಗಳ ಡಿಕ್ಷನರಿ ಒಂದನ್ನು ನನ್ನ ಕೋಡ್‌ನಲ್ಲೇ ಇಟ್ಟುಕೊಂಡಿದ್ದೇನೆ. ಹಾಡುಗಳು ಎಷ್ಟೆಂದರೂ ಕೆಲವು ಸಾವಿರ, ಮೆಮೊರಿಗೆ ಏನೂ ಭಾರ ಇಲ್ಲ.

ಪ್ರಶ್ನೆ: ಎಂಪ್ರಿಸ್ ಕೋಡ್ ಟರ್ಮಿನಲ್‌ನಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ.

ಎಂಪ್ರಿಸ್ ಇರುವುದು ನಿಮ್ಮ ಲಾಗಿನ್‌ನದೇ ಡಿ-ಬಸ್ ಆದ ಸೆಷನ್ ಬಸ್ ಮೇಲೆ. ಗೊತ್ತಾದ ಹೊತ್ತಿಗೆ ಕೋಡ್ ಓಡಿಸುವ ಕ್ರಾನ್‌ಗೆ ಆ ಬಸ್ಸಿನ ವಿಳಾಸ ಗೊತ್ತಿರುವುದಿಲ್ಲ. ಅದು ಒಂದು ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿರುತ್ತದೆ, ಅದನ್ನು ಕ್ರಾನ್‌ಗೂ ಕೊಡಿ. ಅದಕ್ಕಿಂತ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಯೂಸರ್ ಟೈಮರ್ ವಾಸಿ. ಮೊದಲು 'ಪ್ಲೇಯರ್‌ಸಿಟಿಎಲ್' ಅನ್ನುವ ಸಣ್ಣ ಉಪಕರಣ ಹಾಕಿಕೊಂಡು ಯಾವ ಯಾವ ಪ್ಲೇಯರ್ ಕಾಣುತ್ತದೆ ಅಂತ ಪಟ್ಟಿ ನೋಡಿ. ಬ್ರೌಸರ್ ಕೂಡ ಅದರಲ್ಲಿ ಬರಬಹುದು. ಆಮೇಲೆ, ಹಾಡು ಎಲ್ಲಿಗೆ ಬಂತು ಅನ್ನುವ 'ಪೊಸಿಷನ್' ಬದಲಾದಾಗ ಎಂಪ್ರಿಸ್ ಸಿಗ್ನಲ್ ಕಳಿಸುವುದಿಲ್ಲ. ಅದನ್ನು ಮಾತ್ರ ನೀವೇ ಕೇಳಬೇಕು.

ಪ್ರಶ್ನೆ: ವಿಂಡೋಸ್, ಮ್ಯಾಕ್?

ಮ್ಯಾಕ್‌ನಲ್ಲಿ ಮ್ಯೂಸಿಕ್ ಆ್ಯಪ್‌ಗೆ ಆಪಲ್‌ಸ್ಕ್ರಿಪ್ಟ್‌ನಿಂದ ಹೇಳಬಹುದು. ವಿಂಡೋಸ್ 10ರಿಂದ ಈಚೆಗೆ ಸಿಸ್ಟಮ್ಮಿನದೇ ಮೀಡಿಯಾ ಸೆಷನ್ ವ್ಯವಸ್ಥೆ ಇದೆ, ಕೀಬೋರ್ಡಿನ ಪ್ಲೇ ಬಟನ್‌ಗೆ ಓಗೊಡುವ ಪ್ಲೇಯರ್‌ಗಳು ಹೆಚ್ಚಾಗಿ ಅದರಲ್ಲಿ ಸಿಗುತ್ತವೆ. 1997ರ ವಿನ್ಯಾಂಪ್ ಕಾಲದಲ್ಲಿ ಅದರ ಕಿಟಕಿ ಹುಡುಕಿ ಅದಕ್ಕೆ ಮೆಸೇಜ್ ನಂಬರ್ ಕಳಿಸುತ್ತಿದ್ದರು. 40045 ಅಂದರೆ ಪ್ಲೇ, 40048 ಅಂದರೆ ಮುಂದಿನ ಹಾಡು. ಆ ನಂಬರ್‌ಗಳು ಈಗಲೂ ನನಗೆ ಬಾಯಿಪಾಠ, ಯಾಕೆ ಅಂತ ಕೇಳಬೇಡಿ.

ಪ್ರಶ್ನೆ: ಮೊಬೈಲ್‌ನಿಂದಲೂ ಹೇಳಬಹುದಾ?

ಎಂಪಿಡಿ ಸರ್ವರ್ ಅಲ್ಲವೇ, ಅದೇ ವೈಫೈಯಲ್ಲಿರುವ ಯಾವ ಮೊಬೈಲಾದರೂ ಸರಿ. ಅಲ್ಲೇ ಅಪಾಯವೂ ಇರುವುದು. ಸಂಘದ ಗಣೇಶೋತ್ಸವದಲ್ಲಿ ನಾನು ಬೈಂಡ್ ಅಡ್ರೆಸ್ (ಎಂಪಿಡಿ ಎಲ್ಲಿಂದ ಬಂದ ಮಾತು ಕೇಳಬೇಕು ಅನ್ನುವ ಸೆಟ್ಟಿಂಗ್) ಎಲ್ಲರಿಗೂ ತೆರೆದಿಟ್ಟು, ಪಾಸ್‌ವರ್ಡ್ ಹಾಕದೆ, ಹಾಲ್‌ನ ವೈಫೈಗೆ ಲ್ಯಾಪ್‌ಟಾಪ್ ಸೇರಿಸಿದ್ದೆ. ಮಂಗಳಾರತಿ ಹೊತ್ತಿಗೆ ಸರಿಯಾಗಿ ಒಂದು ಐಟಂ ಸಾಂಗ್ ಶುರುವಾಯಿತು. ಹಿಂದಿನ ಸಾಲಲ್ಲಿ ಕೂತ ಕಾಲೇಜು ಹುಡುಗನೊಬ್ಬ ಮೊಬೈಲ್ ನೋಡಿ ನಗುತ್ತಿದ್ದ. ಈಗ ಅವನೇ ನಮ್ಮ ಸೌಂಡ್ ನೋಡಿಕೊಳ್ಳುವವನು.

ಪಾಸ್‌ವರ್ಡ್ ಹಾಕಿ, ಆದರೆ ಅದು ನೆಟ್‌ವರ್ಕ್‌ನಲ್ಲಿ ಬರೀ ಅಕ್ಷರವಾಗಿಯೇ ಹೋಗುತ್ತದೆ, ಗುಟ್ಟಾಗಿ ಅಲ್ಲ. 6600 ಪೋರ್ಟನ್ನು ಇಂಟರ್‌ನೆಟ್‌ಗೆ ಯಾವತ್ತೂ ತೆರೆಯಬೇಡಿ.

ಪ್ರಶ್ನೆ: ರಾತ್ರಿ 10ಕ್ಕೆ ತಾನಾಗಿ ನಿಲ್ಲಬೇಕು. ಪೆಂಡಾಲ್‌ನಲ್ಲಿ ಪೊಲೀಸರು ಬರುತ್ತಾರೆ.

ಬರಲೇಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದ ಹಾಗೆ ರಾತ್ರಿ 12ರ ತನಕ ಸರ್ಕಾರ ಸಡಿಲ ಕೊಡಬಹುದು. ಯಾವ ದಿನ ಅಂತ ಸಂಘದ ಕಾರ್ಯದರ್ಶಿಯನ್ನು ಕೇಳಿ, ಕೋಡ್‌ನಲ್ಲಿ ಊಹೆ ಮಾಡಬೇಡಿ.

10ಕ್ಕೆ ಸರಿಯಾಗಿ ಕತ್ತರಿಸಿದರೆ ತನಿ ಆವರ್ತನದ ನಡುವೆ ಮೃದಂಗ ಬಾಯಿ ಮುಚ್ಚುತ್ತದೆ. ಕೇಳಲು ಬಲು ಕೆಟ್ಟದು. ಎಂಪಿಡಿ 0.21ರಿಂದ 'ಸಿಂಗಲ್ ಒನ್‌ಶಾಟ್' ಅಂತ ಇದೆ. ಅಂದರೆ ಈಗಿನ ಹಾಡು ಮುಗಿದ ಮೇಲೆ ನಿಲ್ಲು. ನಾನು 9:40ಕ್ಕೆ ಉಳಿದ ಹೊತ್ತು ನೋಡಿ, 10ರ ಒಳಗೆ ಮುಗಿಯುವ ಹಾಡುಗಳನ್ನಷ್ಟೇ ಕ್ಯೂದಲ್ಲಿ ಬಿಟ್ಟು, ಕೊನೆಯದಕ್ಕೆ ಒನ್‌ಶಾಟ್ ಹಾಕುತ್ತೇನೆ.

ಹೋಟೆಲ್‌ನಲ್ಲಿ ಮೊದಲು ಬೇರೆ ಉಪಾಯ ಮಾಡಿದ್ದೆ. ವಾಲ್ಯೂಮನ್ನು ಎರಡೆರಡೇ ಇಳಿಸುತ್ತಾ ಸೊನ್ನೆಗೆ ತಂದು, ಪಾಸ್ ಮಾಡಿ, ಮತ್ತೆ 70ಕ್ಕೆ ಏರಿಸಿಡುವುದು. ಒಂದು ರಾತ್ರಿ ಇಳಿಸುವ ಹೊತ್ತಿನಲ್ಲೇ ಕನೆಕ್ಷನ್ ಹೋಗಿ ಸ್ಕ್ರಿಪ್ಟ್ ಸತ್ತಿತು. ವಾಲ್ಯೂಮ್ ಇದ್ದದ್ದು 4. ಬೆಳಿಗ್ಗೆ 6:05ಕ್ಕೆ ಫೋನ್. 'ದೇವ್ರು ಏಳಲೇ ಇಲ್ಲ ಮಾರಾಯ.' ಲಾಗ್ ನೋಡಿದರೆ ಸುಪ್ರಭಾತ ಅಚ್ಚುಕಟ್ಟಾಗಿ ಓಡುತ್ತಿದೆ, ಯಾರಿಗೂ ಕೇಳಿಸುತ್ತಿಲ್ಲ. ಏರಿಸುವ ಸಾಲನ್ನು ಫೈನಲಿಯಲ್ಲಿ (ನಡುವೆ ಎರರ್ ಬಂದರೂ ಓಡುವ ಭಾಗದಲ್ಲಿ) ಹಾಕಿ, ಅದೂ ಹೊಸ ಕನೆಕ್ಷನ್ ಮಾಡಿ. ಬೆಳಗಿನ ಸ್ಕ್ರಿಪ್ಟ್ ಕೂಡ ರಾತ್ರಿಯದು ಸರಿಯಾಗಿ ಮುಗಿದಿದೆ ಅಂತ ನಂಬದೆ, ಮೊದಲು ತಾನೇ ವಾಲ್ಯೂಮ್ ಇಟ್ಟುಕೊಂಡು ಆಮೇಲೆ ಪ್ಲೇ ಅನ್ನಲಿ.

ಪ್ರಶ್ನೆ: 300 ಹಾಡು ಒಂದೊಂದಾಗಿ ಸೇರಿಸಿದರೆ ನಿಧಾನ.

ಕಮಾಂಡ್ ಲಿಸ್ಟ್ ಬಳಸಿ. ಎಲ್ಲ ಆಡ್‌ಗಳನ್ನೂ ಒಂದೇ ಕಟ್ಟಾಗಿ ಕಳಿಸಬಹುದು. ನಡುವೆ ಒಂದು ಕೆಟ್ಟರೆ ಅಲ್ಲಿಗೇ ನಿಲ್ಲುತ್ತದೆ, ಮುಂದಿನವು ಸೇರುವುದಿಲ್ಲ, ಹಿಂದಿನವು ಉಳಿದಿರುತ್ತವೆ. ಎಷ್ಟನೆಯದು ಅಂತ ಆ ಎಸಿಕೆ ಸಾಲಿನಲ್ಲಿ ಇರುತ್ತದೆ.

ಪ್ರಶ್ನೆ: ಹೋಟೆಲ್‌ನಲ್ಲಿ ಯಾವ ಹಾಡು ಬೇಕಾದರೂ ಹಾಕಬಹುದಾ?

ಕೋಡ್‌ಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಎಲ್ಲರೂ ಕೇಳುತ್ತಾರೆ. ವ್ಯಾಪಾರದ ಜಾಗದಲ್ಲಿ ಧ್ವನಿಮುದ್ರಣ ಹಾಕುವುದಕ್ಕೆ ಹಕ್ಕುದಾರರ ಪರವಾನಗಿ ಬೇಕು. ಸಿಡಿ ದುಡ್ಡು ಕೊಟ್ಟು ತಂದಿದ್ದೇನೆ ಅನ್ನುವುದು ನಡೆಯುವುದಿಲ್ಲ.

ಪ್ರಶ್ನೆ: ಮಧ್ಯರಾತ್ರಿ ಕೋಡ್ ಪರೀಕ್ಷೆ ಮಾಡಬೇಕು, ಮನೆಯವರು ಮಲಗಿದ್ದಾರೆ.

ವಾಲ್ಯೂಮ್ ಸೊನ್ನೆ ಮಾಡಬೇಡಿ, ಮರೆತುಬಿಡುತ್ತೀರಿ (ಮೇಲೆ ನೋಡಿ). ಎಂಪಿಡಿ ಕಾನ್ಫಿಗ್‌ನಲ್ಲಿ 'ನಲ್' ಅನ್ನುವ ಬಗೆಯ ಆಡಿಯೋ ಔಟ್‌ಪುಟ್ ಒಂದನ್ನು ಸೇರಿಸಿ, ಉಳಿದ ಔಟ್‌ಪುಟ್‌ಗಳನ್ನು ಆಫ್ ಮಾಡಿ. ಸದ್ದಿಲ್ಲದೆ ಹಾಡು ತನ್ನ ವೇಗದಲ್ಲೇ ಓಡುತ್ತದೆ. ಎಲಾಪ್ಸ್ಡ್ ಏರುತ್ತದೆ, ಐಡಲ್ ಕರೆಯುತ್ತದೆ, ಹಾಡು ಬದಲಾಗುತ್ತದೆ, ಎಲ್ಲ ನಿಜದ ಹಾಗೇ. ನಾನು ಡೊಂಬಿವಲಿಯ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೋಟೆಲ್‌ನ ಒಂದು ಇಡೀ ದಿನದ ಹಾಡನ್ನು ಹೀಗೆ ಓಡಿಸಿ ಬರೀ ಲಾಗ್ ಓದುತ್ತಾ ಕೂರುತ್ತೇನೆ. ಹೆಂಡತಿ ನೀರು ಕುಡಿಯಲು ಎದ್ದು ಬಂದು 'ಏನ್ ಮಾಡ್ತಾ ಇದ್ದೀರಿ' ಅಂದಳು ಒಮ್ಮೆ. 'ಹಾಡು ಕೇಳ್ತಾ ಇದ್ದೀನಿ' ಅಂದೆ.